ಮುಕ್ತ ಪರವಾನಗಿಯ ಕಟ್ಟು ಎಲ್ಲಿಯ ತನಕ?

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ನೆಯ ಇಸವಿಯ ಶಾಸನವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಜೈನರಿಗೂ ವೈಷ್ಣವರಿಗೂ ಉಂಟಾಗಿದ್ದ ವ್ಯಾಜ್ಯವನ್ನು ಬುಕ್ಕರಾಯನು ತೀರಿಸಿದ ಕಟ್ಟಳೆಯದು. ಮನೆಗೊಂದು ಹಣ ವರ್ಷ ವರ್ಷ ಸಲ್ಲತಕ್ಕದ್ದು, ಅದರಿಂದ ಗೊಮ್ಮಟದೇವರಿಗೆ ಕಾವಲಿನವರು, ಮಿಕ್ಕುದರಿಂದ ಜೀರ್ಣ ಬಸದಿಗಳಿಗೆ ಸುಣ್ಣ, ರಕ್ಷಣೆ ಸೂರ್ಯಚಂದ್ರರಿರುವ ತನಕ, ಮೀರಿದವನು ದ್ರೋಹಿ. ಷರತ್ತನ್ನಾಗಲಿ ಅವಧಿಯನ್ನಾಗಲಿ ಬರೆಸಿದವರು ಊಹೆಗೆ ಬಿಡಲಿಲ್ಲ. ಈ ಎಚ್ಚರವು ಇಂದು ಗಣಕಗಳಿಗೆ ತಂತ್ರಾಂಶವನ್ನು ರಚಿಸಿ ಲೋಕಕ್ಕೆ ಬಿಟ್ಟುಕೊಡುವ ಉದಾರಿಗಳಲ್ಲಿ ಕಾಣದೆಂಬುದೇ ನಮ್ಮ ಚಿಂತೆ.

ಗುಬ್ಬಿ, ನವಿಲು, ಲೋಹಿತ್ ಮೊದಲಾದ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯ ಮೇಲೆ ದೊರೆಯುವಂಥವು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು; ಆದರೆ ತಿದ್ದಿದುದನ್ನು ಹಂಚುವವನು ಅದೇ ಷರತ್ತಿನ ಮೇಲೆಯೇ ಹಂಚಬೇಕೆಂಬುದು ಇಂಥ ಅನೇಕ ಪರವಾನಗಿಗಳ ಕಟ್ಟಳೆ. ಸಹಿಯೂ ಇಲ್ಲದ, ಹಣವೂ ಕೈಬದಲಾಗದ ಈ ಬರಹಕ್ಕೆ ನ್ಯಾಯಾಲಯದಲ್ಲಿ ಬೆಲೆಯುಂಟೆ ಎಂದು ಕೇಳುವವರಿದ್ದರು. 2004ರಲ್ಲಿ ಮ್ಯೂನಿಕ್ಕಿನ ನ್ಯಾಯಾಲಯವು ಉಂಟೆಂದಿತು. 2008ರಲ್ಲಿ ಅಮೆರಿಕೆಯ ಫೆಡರಲ್ ಅಪೀಲು ಕೋರ್ಟು, ಆಟದ ರೈಲುಬಂಡಿಗಳನ್ನು ನಡೆಸುವ ತಂತ್ರಾಂಶವೊಂದರ ವ್ಯಾಜ್ಯದಲ್ಲಿ (ದೊಡ್ಡ ನ್ಯಾಯಗಳು ಎಂಥ ಚಿಕ್ಕ ಬಂಡಿಯನ್ನೇರಿ ಬರುತ್ತವೆ!), ಇಂಥ ಷರತ್ತುಗಳು ಬರಿಯ ಮಾತಲ್ಲ, ಅವುಗಳನ್ನು ಮೀರುವುದು ಕೃತಿಸ್ವಾಮ್ಯದ ಭಂಗವೇ ಆಗಬಹುದೆಂದು ತೀರ್ಪಿತ್ತಿತು.

ಹಾಗಾದರೆ ಮುಕ್ತ ಫಾಂಟಿನಲ್ಲಿ ಬರೆದ ಕಚೇರಿಯ ಪತ್ರವೂ ಆ ಷರತ್ತಿಗೆ ಒಳಗಾಗುವುದೆ? ಕಾಗದದ ಮೇಲೆ ಮೂಡಿದ ಅಕ್ಷರಕ್ಕೆ ಈ ಭಯವಿಲ್ಲ. ಫಾಂಟನ್ನೇ ಕಡತದೊಳಗೆ ಅಡಕಮಾಡಿದಾಗ ಮಾತ್ರ ಸಂದೇಹವೆದ್ದಿತ್ತು. ಲೋಹಿತ್ 2011ರಲ್ಲಿ ಸೇರಿದ ಓಪನ್ ಫಾಂಟ್ ಲೈಸೆನ್ಸು, ಫಾಂಟಿನಿಂದಾದ ದಸ್ತಾವೇಜುಗಳಿಗೆ ತನ್ನ ಕಟ್ಟು ತಾಗದೆಂದು ಬಾಯಿಬಿಟ್ಟು ಹೇಳಿದೆ.

ನಿಜವಾದ ತೊಡಕಿರುವುದು ನಮ್ಮ ಕಾಯಿದೆಯಲ್ಲಿಯೇ. 1957ರ ಕೃತಿಸ್ವಾಮ್ಯ ಕಾಯಿದೆಯ 30ನೆಯ ಕಲಮಿನಂತೆ ಪರವಾನಗಿ ಲಿಖಿತವಾಗಿದ್ದರೆ ಸಾಕು; ಸಹಿಯ ನಿರ್ಬಂಧವನ್ನು 2012ರ ತಿದ್ದುಪಡಿ ತೆಗೆದುಹಾಕಿತು. ಆದರೆ 30ಎ ಕಲಮು, ಸ್ವಾಮ್ಯದ ವರ್ಗಾವಣೆಗೆ ಸಂಬಂಧಿಸಿದ 19ನೆಯ ಕಲಮನ್ನು ತಕ್ಕ ಮಾರ್ಪಾಡಿನೊಡನೆ ಪರವಾನಗಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ಅವಧಿಯನ್ನು ಹೇಳದಿದ್ದರೆ ಐದೇ ವರ್ಷ; ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರ. ಜನರಲ್ ಪಬ್ಲಿಕ್ ಲೈಸೆನ್ಸಿನ 2007ರ ಮೂರನೆಯ ಆವೃತ್ತಿಯು ಸ್ವಾಮ್ಯವಿರುವಷ್ಟು ಕಾಲವೆಂದು ಹೇಳಿರುವುದು ಸರಿಯೆ. ಎಂ.ಐ.ಟಿ. ಲೈಸೆನ್ಸಿನಂಥ ಚಿಕ್ಕ ಪರವಾನಗಿಗಳು ಅವಧಿಯ ಮಾತನ್ನೇ ಎತ್ತುವುದಿಲ್ಲ. "ತಕ್ಕ ಮಾರ್ಪಾಡು" ಎಂಬ ಪದಗಳು ಕಾಪಾಡುವುವೆಂದು ಕೆಲವರು ವಾದಿಸಬಹುದು. ಶಾಲೆಗಳೂ ಕಚೇರಿಗಳೂ ನಂಬಿ ಕುಳಿತಿರುವ ಕನ್ನಡದ ಸಾಧನಗಳನ್ನು ಎರಡು ಪದಗಳ ಮೇಲೆ ನಿಲ್ಲಿಸುವುದು ನಮಗೆ ವಿವೇಕವೆಂದು ತೋರುವುದಿಲ್ಲ. ಸ್ವಾಮ್ಯವು ಕರ್ತೃವಿನ ಮರಣಾನಂತರ 60 ವರ್ಷ ಉಳಿಯುವಂಥದು. ಅಜ್ಜನು ಉದಾರವಾಗಿ ಕೊಟ್ಟುದನ್ನು ಮೊಮ್ಮಗನು ಲೆಕ್ಕ ಹಾಕಿ ಕೇಳಬಾರದೆಂದೇನೂ ಇಲ್ಲ.

ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಆ ಪರವಾನಗಿಯಲ್ಲಿ ಅವಧಿಯೂ ಪ್ರದೇಶವೂ ಸ್ಪಷ್ಟವಾಗಿವೆ. ಸಾರ್ವಜನಿಕ ಹಣದಿಂದ ಫಾಂಟನ್ನೋ ನಿಘಂಟನ್ನೋ ಮಾಡಿಸುವ ಸರಕಾರದ ಇಲಾಖೆಗಳೂ ಹಾಗೆಯೇ ಮಾಡತಕ್ಕದ್ದು. 30ಎ ಕಲಮನ್ನು ತಿದ್ದುವುದು ದಿಲ್ಲಿಯ ಪಾರ್ಲಿಮೆಂಟಿನ ಕೆಲಸ. ಅದು ಯಾವಾಗ ಆದೀತೋ! ಅದುವರೆಗೆ ಹಳೆಯ ಕನ್ನಡ ತಂತ್ರಾಂಶಗಳ ಕರ್ತೃಗಳನ್ನು, ಅವರು ನಮ್ಮ ನಡುವೆ ಇರುವಾಗಲೇ ಕಂಡು, ಅವಧಿ ಪ್ರದೇಶಗಳ ಎರಡು ಸಾಲನ್ನು ಅವರ ಕೈಯಿಂದ ಬರೆಸಿಕೊಳ್ಳಬೇಕು.