ತಾತನ ಗಾಡಿಗೆ ಲಾಟೀನಿತ್ತು, ನಮ್ಮ ಟ್ರೇಲರಿಗೆ ಬಲ್ಬಿಲ್ಲ

ಇವತ್ತು ಬೆಳೆ ವಿಷಯ ಅಲ್ಲ, ರೇಟಿನ ವಿಷಯವೂ ಅಲ್ಲ. ಟ್ರೇಲರ್ ವಿಷಯ. ಓದಿ ಕೆಲವರಿಗೆ ಬೇಜಾರಾಗಬಹುದು. ಆಗಲಿ.

ಹೋದ ವಾರ ನಮ್ಮ ಕಡೆಯವರೊಬ್ಬರಿಗೆ ರಸ್ತೇಲಿ ದಂಡ ಬಿತ್ತು. ಟ್ರೇಲರಿಗೆ ನಂಬರಿಲ್ಲ, ಹಿಂದೆ ಲೈಟಿಲ್ಲ. ಸಂಜೆ ಟೀ ಅಂಗಡಿ ಮುಂದೆ ಎಲ್ಲರೂ ಸೇರಿ "ರೈತರ ಹೊಟ್ಟೆ ಮೇಲೆ ಹೊಡೀತಾರೆ" ಅಂತ ಬೈದಿದ್ದೇ ಬೈದಿದ್ದು. ನಾನು ಬಾಯಿ ಬಿಡಲಿಲ್ಲ. ಯಾಕೆ ಅಂತ ಇಲ್ಲಿ ಬರೀತಿದೀನಿ.

ಎರಡು ವರ್ಷದ ಹಿಂದೆ ಕೋಸಿನ ಲೋಡು ಗುಂಡ್ಲುಪೇಟೆಗೆ ತರ್ತಿದ್ದೆ. ಹಂಗಳ ದಾಟಿ ಈಚೆ ಬಂದಿದ್ದೆ, ಏಳೂವರೆ ಆಗಿತ್ತು. ಹಿಂದಿಂದ ಧಡ್ ಅಂತ ಸದ್ದು. ಇಳಿದು ನೋಡಿದರೆ ಬೈಕು ಟ್ರೇಲರಿನ ಕೆಳಕ್ಕೆ ಹೋಗಿದೆ, ಹುಡುಗ ರಸ್ತೇಲಿ ಬಿದ್ದಿದ್ದಾನೆ. ಪಕ್ಕದೂರಿನ ರೈತನ ಮಗನೇ. ಜೀವ ಉಳೀತು, ಕಾಲಿಗೆ ರಾಡು ಬಿತ್ತು. ಇವತ್ತಿಗೂ ಸ್ಪ್ರೇಯರ್ ಕ್ಯಾನ್ ಬೆನ್ನಿಗೇರಿಸೋಕೆ ಆಗಲ್ಲ ಅವನಿಗೆ. ನನ್ನ ಟ್ರೇಲರಿನ ಲೈಟಿನ ವೈರು ಆರು ತಿಂಗಳಿಂದ ಕಿತ್ತು ನೇತಾಡ್ತಿತ್ತು. "ನಾಳೆ ಹಾಕಿಸಿದರಾಯ್ತು" ಅಂತಿದ್ದೆ. ಆಸ್ಪತ್ರೇಲಿ ಅವರಪ್ಪ ನನ್ನ ಬೈಯಲಿಲ್ಲ. "ಲೈಟ್ ಇತ್ತಣ್ಣ?" ಅಂತ ಒಂದೇ ಮಾತು ಕೇಳಿದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ನಮ್ಮ ರಸ್ತೆ ಎಂಥದ್ದು ಅಂತ ಹೊರಗಿನವರಿಗೆ ಗೊತ್ತಿಲ್ಲದೆ ಇರಬಹುದು, ನಮಗಂತೂ ಗೊತ್ತು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಮದ್ದೂರು ಗೇಟು, ಮೇಲುಕಾಮನಹಳ್ಳಿ ಗೇಟು ಮುಚ್ಚೋದರೊಳಗೆ ದಾಟಬೇಕು ಅಂತ ಕೇರಳ, ಊಟಿ ಗಾಡಿಗಳೆಲ್ಲ ಏಳು ಗಂಟೆಯಿಂದ ಒಂದೇ ಸಮ ಓಡ್ತವೆ. ಅದೇ ಹೊತ್ತಿಗೆ ನಾವು ಕೋಸು, ಬೀಟ್‌ರೂಟು, ಈರುಳ್ಳಿ ತುಂಬ್ಕೊಂಡು ಹೊಲದಿಂದ ಟಾರ್ ರಸ್ತೆಗೆ ಹತ್ತೋದು. ಅವರು ಎಂಬತ್ತರಲ್ಲಿ ಬರ್ತಾರೆ, ನಾವು ಇಪ್ಪತ್ತರಲ್ಲಿ ಹೋಗ್ತೀವಿ. ನಮ್ಮ ಹಿಂಭಾಗ ಕಪ್ಪು.

ಇದನ್ನ ಹೇಳಿದರೆ ಬರೋ ಉತ್ತರಗಳು ನನಗೆ ಬಾಯಿಪಾಠ. ನಾನೂ ಅದೇ ಹೇಳ್ತಿದ್ದವನು ತಾನೇ.

"ಬುಡಣ್ಣ, ನಾಕು ಮೈಲಿ ಹೋಗಕ ಲೈಟು ಯಾಕ?" ಗುದ್ದೋನಿಗೆ ನಾಲ್ಕು ಅಡಿ ಸಾಕು, ನಾಲ್ಕು ಮೈಲಿ ಬೇಕಿಲ್ಲ.

"ರೇಡಿಯಂ ಅಂಟ್ಸಿದೀನಿ." ಒಳ್ಳೇದು, ಅಂಟಿಸಿ. ಆದರೆ ಕೆಸರು ಮೆತ್ತಿದ ಮೇಲೆ ರೇಡಿಯಂ ಹೊಳೆಯಲ್ಲ. ನೀವು ಬ್ರೇಕ್ ಒತ್ತಿದಿರೋ ಬಲಕ್ಕೆ ತಿರುಗ್ತಿದೀರೋ ಅಂತ ಅದು ಹೇಳೋದೂ ಇಲ್ಲ.

"ಇನ್ಶೂರೆನ್ಸ್ ಅದಲ್ಲ." ಯಾವುದಕ್ಕಿದೆ? ಟ್ರೇಲರಿಗೆ ಬೇರೆ ನೋಂದಣಿ, ಬೇರೆ ನಂಬರ್ ಪ್ಲೇಟು, ಬೇರೆ ಇನ್ಶೂರೆನ್ಸ್ ಇರಬೇಕು. ಟ್ರ್ಯಾಕ್ಟರ್ ಪಾಲಿಸಿ ಒಂದೇ ಹಿಡ್ಕೊಂಡು ಕೋರ್ಟಿಗೆ ಹೋದರೆ, ಟ್ರೇಲರಿನದು ಎಲ್ಲಿ ಅಂತ ಕಂಪನಿಯವರು ಕೇಳೇ ಕೇಳ್ತಾರೆ. ಆಗ ಪರಿಹಾರದ ದುಡ್ಡು ಹೊಲದ ಪಹಣಿ ಮೇಲೆ ಬಂದು ಕೂರುತ್ತೆ.

"ವೈರು ಹಾಕಿದರೆ ಇಲಿ ಕಡೀತದ." ಕಡಿಯುತ್ತೆ. ನಾನು ಹಳೇ ಡ್ರಿಪ್ ಪೈಪಿನೊಳಗೆ ಕೇಬಲ್ ತೂರಿಸಿ ಚಾಸಿಗೆ ಕಟ್ಟಿದೀನಿ. ಎರಡು ವರ್ಷ ಆಯ್ತು, ಇಲಿ ಮುಟ್ಟಿಲ್ಲ.

ವೈರಿಂಗ್ ಏನು ಬ್ರಹ್ಮವಿದ್ಯೆ ಅಲ್ಲ. ಈಗಿನ ಬಹಳ ಟ್ರ್ಯಾಕ್ಟರಿನ ಹಿಂದೆ ಏಳು ಪಿನ್ನಿನ ಸಾಕೆಟ್ ಇರುತ್ತೆ. ನಾವು ಅದರಲ್ಲಿ ಮಣ್ಣು ತುಂಬಿಸಿಟ್ಟಿದೀವಿ, ಅಷ್ಟೇ. ಸಾಕೆಟ್ಟಿನೊಳಗೆ ನಂಬರ್ ಕೊರೆದಿರುತ್ತೆ: 1 ಎಡ ಇಂಡಿಕೇಟರ್, 3 ಅರ್ಥ್, 4 ಬಲ ಇಂಡಿಕೇಟರ್, 5 ಬಲಗಡೆ ಹಿಂದಿನ ಲೈಟು, 6 ಬ್ರೇಕ್ ಲೈಟು, 7 ಎಡಗಡೆ ಹಿಂದಿನ ಲೈಟು. 2 ಹಿಂದಿನ ಫಾಗ್ ಲೈಟಿಗೆ, ನಮ್ಮಲ್ಲಿ ಸಾಮಾನ್ಯವಾಗಿ ಖಾಲಿ. ವೈರಿನ ಬಣ್ಣ ಒಬ್ಬೊಬ್ಬ ಮೆಕ್ಯಾನಿಕ್ ಒಂದೊಂದು ಹಾಕಿರ್ತಾನೆ, ಬಣ್ಣ ನಂಬಬೇಡಿ, ನಂಬರ್ ನೋಡಿ. ಮೊದಲು ಟೆಸ್ಟ್ ಲ್ಯಾಂಪ್ ಹಿಡಿದು ಸಾಕೆಟ್ಟಿಗೆ ಕರೆಂಟ್ ಬರ್ತಿದೆಯಾ ನೋಡಿ, ಆಮೇಲೆ ಟ್ರೇಲರಿನ ಕಡೆ ಕೈ ಹಾಕಿ.

ನೂರಕ್ಕೆ ತೊಂಬತ್ತು ತೊಂದರೆ ಅರ್ಥಿನದು. ಹಿಚ್ ಪಿನ್ನಿನ ಕಬ್ಬಿಣದಲ್ಲೇ ಅರ್ಥ್ ಸಿಗುತ್ತೆ ಅಂತ ಮೂರನೇ ನಂಬರ್ ವೈರು ಎಳೆಯೋದೇ ಇಲ್ಲ. ಪಿನ್ನಿಗೆ ತುಕ್ಕು, ಗ್ರೀಸು, ಧೂಳು. ಅರ್ಥ್ ಸಿಗದ ಕರೆಂಟು ಬೇರೆ ಬಲ್ಬಿನ ಮೂಲಕ ದಾರಿ ಹುಡುಕುತ್ತೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುತ್ತಲ್ಲ, ಅದಕ್ಕೆ ಇದೇ ಕಾರಣ. ಅರ್ಥಿಗೆ ಬೇರೆ ವೈರು, ಉಳಿದವಕ್ಕಿಂತ ದಪ್ಪದ್ದು, ಪ್ರತಿ ಲೈಟಿನವರೆಗೂ ಎಳೆಸಿ. ಇಂಡಿಕೇಟರ್ ತಾಳ ತಪ್ಪಿ ಮಿನುಗಿದರೆ, ಟ್ರೇಲರಿನ ಬಲ್ಬಿನ ಲೋಡನ್ನೂ ತಡೆಯೋ ಫ್ಲಾಷರ್ ಕೇಳಿ ಹಾಕಿಸಿ. ಹಿಚ್ ಹತ್ರ ಕೇಬಲ್ ತಿರುವಿನಲ್ಲಿ ಎಳೆಯದಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜದಷ್ಟು ಮೇಲಿರಲಿ. ಪಿನ್ನು ತೆಗೆಯೋ ಮೊದಲು ಪ್ಲಗ್ಗು ಕೀಳಿ. ನನಗೆ ಎಲ್ಲಾ ಸೇರಿ ಆದದ್ದು 2,300 ರೂಪಾಯಿ. ಆ ಹುಡುಗನ ಒಂದು ದಿನದ ಆಸ್ಪತ್ರೆ ಬಿಲ್ಲಿಗೂ ಇದು ಸಾಲಲ್ಲ.

ಇನ್ನು ಬ್ರೇಕು. ಲೈಟಿದ್ದರೆ ಹಿಂದಿನವನು ಬದುಕ್ತಾನೆ. ಮುಂದಿನವನು, ಜೊತೆಗೆ ನೀವು, ಬದುಕೋಕೆ ಟ್ರೇಲರಿಗೇ ಬ್ರೇಕ್ ಬೇಕು. ಲೆಕ್ಕ ಹಾಕಿ. ಟ್ರ್ಯಾಕ್ಟರ್ ಎರಡು ಟನ್, ಹಿಂದೆ ಲೋಡು ಸೇರಿ ಆರು ಟನ್. ನಿಲ್ಲಿಸಬೇಕಾದ ತೂಕ ನಾಲ್ಕು ಪಟ್ಟಾಯ್ತು, ಬ್ರೇಕು ಮಾತ್ರ ಅದೇ ಎರಡು ಚಕ್ರದ್ದು. 25 ಕಿ.ಮೀ. ವೇಗದಲ್ಲಿ ಬರೀ ಟ್ರ್ಯಾಕ್ಟರ್ 6 ಮೀಟರಲ್ಲಿ ನಿಂತರೆ, ಲೋಡಿನ ಜೊತೆ ಹೆಚ್ಚು ಕಮ್ಮಿ 24 ಮೀಟರ್ ಬೇಕು. ಕಣ್ಣಿಗೆ ಕಂಡು ಕಾಲು ಪೆಡಲಿಗೆ ಹೋಗೋ ಒಂದು ಸೆಕೆಂಡಲ್ಲಿ ಇನ್ನೊಂದು 7 ಮೀಟರ್ ಹೋಗಿರುತ್ತೆ. ಇಳಿಜಾರಿನಲ್ಲಿ ತಿರುವಿದ್ದರೆ ಹಿಂದಿನ ಆರು ಟನ್ನು ಟ್ರ್ಯಾಕ್ಟರನ್ನೇ ತಳ್ಳಿ ಅಡ್ಡ ಹಾಕುತ್ತೆ. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ಲಿನಲ್ಲಿ ಇಳಿಸೋರಿಗೆ, ಎರಡು ಪೆಡಲು ಸೇರಿಸೋ ಲಾಕು ಹಾಕದೆ ರೋಡಿಗೆ ಬರೋರಿಗೆ ನಾನು ಏನು ಹೇಳಲಿ?

ಟಿಪ್ಪಿಂಗ್ ಮಾಡೋ ಹೈಡ್ರಾಲಿಕ್ ಪೈಪು ಬ್ರೇಕ್ ಅಲ್ಲ. ಟ್ರೇಲರ್ ಮುಂದಿರೋ ಹ್ಯಾಂಡ್ ಬ್ರೇಕು ನಿಂತ ಗಾಡಿಗೆ, ಓಡೋ ಗಾಡಿಗಲ್ಲ. ಅಮೆರಿಕದ ಕಡೆ ಭಾರದ ಟ್ರೇಲರುಗಳಿಗೆ ಕರೆಂಟ್ ಬ್ರೇಕ್ ಇರುತ್ತೆ. ವೈರಿನಲ್ಲೇ ಬ್ರೇಕೂ ಹೋಗುತ್ತೆ, ಕೊಕ್ಕೆ ಕಳಚಿಕೊಂಡರೆ ಟ್ರೇಲರಿನಲ್ಲಿರೋ ಸಣ್ಣ ಬ್ಯಾಟರಿಯೇ ಬ್ರೇಕ್ ಹಿಡಿಸುತ್ತೆ. ನಮ್ಮಲ್ಲಿ ಕಬ್ಬು ಎಳೆಯೋ ಕಡೆ ಟ್ರ್ಯಾಕ್ಟರಿಗೆ ಕಂಪ್ರೆಸರ್, ಗಾಳಿ ಟ್ಯಾಂಕು ಕೂರಿಸಿ ಟ್ರೇಲರ್ ಚಕ್ರಕ್ಕೆ ಏರ್ ಬ್ರೇಕ್ ಹಾಕಿಸ್ತಾರೆ. ಖರ್ಚಿದೆ, ಸುಳ್ಳು ಹೇಳಲ್ಲ. ಹಳೇ ಟ್ರೇಲರಿಗೆ ಇವತ್ತೇ ಹಾಕಿಸೋಕೆ ಎಲ್ಲರಿಗೂ ಆಗಲ್ಲ. ಆದರೆ ಹೊಸ ಟ್ರೇಲರ್ ಮಾಡಿಸುವಾಗ ಡಾಲಾಕ್ಕೆ ಡಿಸೈನು, ಹಿಂದೆ ದೇವರ ಹೆಸರು, ಬದಿಗೆ ಹುಲಿ ಚಿತ್ರ ಅಂತ ದುಡ್ಡು ಸುರಿಯೋರು ಬ್ರೇಕ್ ಆಕ್ಸಲ್ ಕೇಳಲ್ಲ ಯಾಕೆ? ನಾವು ಕೇಳಲ್ಲ, ವರ್ಕ್‌ಶಾಪಿನವನು ಹಾಕಲ್ಲ. ಹಾಕಿಸೋರು ಒಂದು ಮಾತು ಮರೀಬೇಡಿ: "ಪೈಪು ಕಿತ್ತುಹೋದರೆ ಟ್ರೇಲರ್ ತಾನೇ ಬ್ರೇಕ್ ಹಿಡಿಯುತ್ತಾ?" ಅಂತ ಕೇಳಿ. ಹಿಡಿಯಲ್ಲ ಅಂದರೆ ಬೇರೆಯವರ ಹತ್ರ ಹೋಗಿ. ಬ್ರೇಕಿಲ್ಲದವರು ಲೋಡು ಇಳಿಸಿ, ಗೇರಿನಲ್ಲಿ ಇಳೀರಿ, ಪಿನ್ನಿನ ಜೊತೆಗೊಂದು ಸೇಫ್ಟಿ ಚೈನು ಹಾಕಿ.

ನಮ್ಮ ತಾತನ ಎತ್ತಿನ ಗಾಡಿ ನೆನಪಾಗುತ್ತೆ. ಇಳಿಜಾರು ಬಂದರೆ ಚಕ್ರಕ್ಕೆ ಒತ್ತಿಕೊಳ್ಳೋ ಮರದ ಬ್ರೇಕು ಇತ್ತು. ಕತ್ತಲಾದರೆ ಅಚ್ಚಿನ ಕೆಳಗೆ ಲಾಟೀನು ತೂಗ್ತಿತ್ತು. ಎದುರಿಗೆ ಬಂದರೆ ಇನ್ನೊಂದು ಎತ್ತಿನ ಗಾಡಿ ಬರಬೇಕಿತ್ತು, ಆದರೂ ಲಾಟೀನು ಹಚ್ಚದೆ ತಾತ ಊರು ಬಿಡ್ತಿರಲಿಲ್ಲ. ಅವರಿಗೆ ಯಾರೂ ದಂಡ ಹಾಕ್ತಿರಲಿಲ್ಲ.

ದಂಡ ಹಾಕಿದೋರನ್ನ ಬೈಯೋದು ಸುಲಭ. ಆದರೆ ನಮ್ಮ ಟ್ರೇಲರಿನ ಹಿಂದೆ ಬಂದು ಗುದ್ದೋನು ಕೇರಳದವನೇ ಆಗಬೇಕಿಲ್ಲ. ಹಾಲು ಹಾಕಿ ಬರೋ ನಮ್ಮೂರ ಹುಡುಗನೇ ಆಗಿರ್ತಾನೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ, ಮಗನನ್ನೋ ಮಗಳನ್ನೋ ಟ್ರೇಲರಿನ ಹಿಂದೆ ದೂರ ನಿಲ್ಲಿಸಿ ಬ್ರೇಕ್ ಒತ್ತಿ. "ಕಾಣ್ತಾ?" ಅಂತ ಕೂಗಿ ಕೇಳಿ. ಕಾಣಲ್ಲ ಅಂದರೆ ನಾಳೆ ಲೋಡಿಗೆ ಮೊದಲು ಎಲೆಕ್ಟ್ರಿಷಿಯನ್ ಅಂಗಡಿಗೆ ಹೋಗಿ.