ಅಂಗಡಿ ನಮ್ಮದು, ಬೀಗದ ಕೈ ಯಾರದು?



ದೀಪಾವಳಿ ಪಾಡ್ಯದ ದಿನ ಹೊಸ ಖತಾವಣಿಗೆ ಪೂಜೆ ಮಾಡಿ, ಮೊದಲ ಪುಟದಲ್ಲಿ ಶ್ರೀಕಾರ ಬರೆಯುವುದು ನಮ್ಮ ವ್ಯಾಪಾರಿ ಮನೆತನಗಳಲ್ಲಿ ನಡೆದು ಬಂದ ಪದ್ಧತಿ. ಗುಮಾಸ್ತ ಎಷ್ಟೇ ನಂಬಿಗಸ್ಥನಾಗಿರಲಿ, ಅಂಗಡಿ ಮುಚ್ಚಿದ ಮೇಲೆ ಆ ಖತಾವಣಿ ಮಾತ್ರ ಯಜಮಾನರ ಬಗಲಲ್ಲಿ ಮನೆಗೆ ಬಂದು ಕಪಾಟು ಸೇರುತ್ತಿತ್ತು. ಇದು ಗುಮಾಸ್ತನ ಮೇಲಿನ ಅವಿಶ್ವಾಸವಲ್ಲ. ಗಿರಾಕಿಯ ಮೇಲಿನ ಗೌರವ. ಈ ಹಳೆಯ ಶಿಸ್ತನ್ನು ಹೊಸ ಕಾಲದ ಒಂದು ಕೆಲಸದಲ್ಲಿ ನಾವು ಮರೆತೆವು. ಅಂಗಡಿಗೆ ಆ್ಯಪ್ ಮಾಡಿಸುವುದು ಹೇಗೆಂದು ಜತ್ತ, ಅಕ್ಕಲಕೋಟೆ ಕಡೆಯ ಹಲವು ಬಂಧುಗಳು ಕೇಳುತ್ತಿರುವುದರಿಂದ, ನಾವು ಎಡವಿದ ಕಥೆಯನ್ನು ಸಂಕೋಚವಿಲ್ಲದೆ ಇಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ನಮ್ಮದು ಸೋಲಾಪುರದಲ್ಲಿ ಚಾದರ, ಟವೆಲುಗಳ ಸಗಟು ವ್ಯಾಪಾರ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಇಂಡಿ, ಅಫಜಲಪುರ, ಆಳಂದ ಕಡೆಯ ಕನ್ನಡಿಗರು, ಉಳಿದವರು ಮರಾಠಿಗರು. ಫೋನಿನಲ್ಲಿ ಬರೆಸುವ ಆರ್ಡರುಗಳಲ್ಲಿ ತಪ್ಪು ನುಸುಳುತ್ತದೆ ಎಂದು 2022ರಲ್ಲಿ ಮನೆಯ ಹುಡುಗರು ಹಠ ಹಿಡಿದು ಒಂದು ಆ್ಯಪ್ ಮಾಡಿಸಿದರು. ಮಾಲಿನ ಚಿತ್ರ, ದರ, ಆರ್ಡರು, ಅವರವರ ಉದ್ರಿ ಲೆಕ್ಕ, ಎಲ್ಲವೂ ಕನ್ನಡ ಮತ್ತು ಮರಾಠಿ ಎರಡರಲ್ಲೂ. ಮಾಡಿಕೊಟ್ಟವನು ಪರಿಚಯದ ಒಬ್ಬ ಚುರುಕು ಹುಡುಗ. ಹಣ ಕೊಟ್ಟೆವು, ಆ್ಯಪ್ ಬಂತು, ಕೆಲಸ ಸುಗಮವಾಗಿ ನಡೆಯಿತು. ಅದನ್ನು ಅವನು ಯಾರ ಖಾತೆಯಿಂದ ಅಂಗಡಿಗೆ ಏರಿಸಿದ ಎಂದು ನಾವು ಕೇಳಲಿಲ್ಲ. ಕೇಳಬೇಕೆಂಬುದೇ ನಮಗೆ ತಿಳಿದಿರಲಿಲ್ಲ.

ಇಲ್ಲಿ ಅಂಗಡಿ ಎಂದರೆ ಆ್ಯಪ್‌ಗಳ ಅಂಗಡಿ. ಆಪಲ್ ಸಂಸ್ಥೆಯ ಆ್ಯಪ್ ಸ್ಟೋರ್ 2008ರ ಜುಲೈ 10ರಂದು ಆರಂಭವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ತೆರೆಯಿತು. 2012ರ ಮಾರ್ಚಿನಲ್ಲಿ ಅದಕ್ಕೆ ಗೂಗಲ್ ಪ್ಲೇ ಎಂಬ ಹೆಸರು ಬಂತು. ಈ ಅಂಗಡಿಗಳಲ್ಲಿ ಮಾಲು ಇಡಬೇಕಾದವನು ಮೊದಲು ಒಂದು ಡೆವಲಪರ್ ಖಾತೆ ತೆರೆಯಬೇಕು. ಗೂಗಲ್‌ಗೆ ಒಮ್ಮೆ ಮಾತ್ರ 25 ಡಾಲರ್. ಆಪಲ್‌ಗೆ ವರ್ಷಕ್ಕೆ 99 ಡಾಲರ್. ಆ ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಆ್ಯಪ್‌ನ ಒಡೆಯರು. ಹಣ ಯಾರು ಕೊಟ್ಟರು, ಫಲಕದ ಮೇಲೆ ಯಾರ ಹೆಸರಿದೆ ಎಂಬುದನ್ನು ಅಂಗಡಿ ಲೆಕ್ಕಿಸುವುದಿಲ್ಲ. ನಮ್ಮ ಆ್ಯಪ್ ಆ ಹುಡುಗನ ಸ್ವಂತ ಖಾತೆಯಲ್ಲಿತ್ತು.

2024ರ ದಶಲಕ್ಷಣ ಪರ್ವ ಮುಗಿದು ದಸರೆಯ ಖರೀದಿ ಆರಂಭವಾಗುವ ಹೊತ್ತಿಗೆ ವಿಚಿತ್ರವಾದ ದೂರುಗಳು ಬರತೊಡಗಿದವು. ಹಳೆಯ ಗಿರಾಕಿಗಳಿಗೆ ತೊಂದರೆಯಿಲ್ಲ. ಆದರೆ ಹೊಸ ಫೋನು ಕೊಂಡವರು ಹುಡುಕಿದರೆ ನಮ್ಮ ಆ್ಯಪ್ ಸಿಗುತ್ತಲೇ ಇಲ್ಲ. ವಿಚಾರಿಸಿದಾಗ ಕಾರಣ ತಿಳಿಯಿತು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ವರ್ಷವರ್ಷವೂ ಬರುತ್ತವೆ. ಆ್ಯಪ್‌ಗಳೂ ಅವಕ್ಕೆ ತಕ್ಕಂತೆ ಪರಿಷ್ಕರಣೆಗೊಳ್ಳಬೇಕೆಂದು ಗೂಗಲ್ ಪ್ಲೇ ಪ್ರತಿವರ್ಷ ಗಡುವು ವಿಧಿಸುತ್ತದೆ. ಸಾಮಾನ್ಯವಾಗಿ ಅದು ಆಗಸ್ಟ್ 31. ಗಡುವು ತಪ್ಪಿದ ಹಳೆಯ ಆ್ಯಪ್ ಮೊದಲೇ ಇಳಿಸಿಕೊಂಡವರ ಫೋನಿನಲ್ಲಿ ಉಳಿಯುತ್ತದೆ. ಅದಕ್ಕಿಂತ ಹೊಸ ಆಂಡ್ರಾಯ್ಡ್ ಇರುವ ಫೋನುಗಳ ಹೊಸ ಗಿರಾಕಿಗಳಿಗೆ ಕಾಣುವುದಿಲ್ಲ. ಅಂಗಡಿಯ ಬಾಗಿಲು ಹಳೆಯ ಗಿರಾಕಿಗೆ ತೆರೆದಿತ್ತು, ಹೊಸಬನಿಗೆ ಗೋಡೆಯಾಗಿತ್ತು.

ಪರಿಷ್ಕರಿಸೋಣವೆಂದರೆ ಹುಡುಗ ಊರಲ್ಲಿಲ್ಲ. ಕೆಲಸ ಸಿಕ್ಕು ಪರದೇಶಕ್ಕೆ ಹೋಗಿದ್ದ. ಹಳೆಯ ಫೋನ್ ನಂಬರು ನಿಂತು ಹೋಗಿತ್ತು. ಮನೆಯಲ್ಲಿ ಎಲ್ಲರೂ ಹೊಸ ಗಿರಾಕಿಗಳ ಆರ್ಡರಿನ ಚಿಂತೆಯಲ್ಲಿದ್ದಾಗ, ಅಷ್ಟು ಹೊತ್ತು ಸುಮ್ಮನಿದ್ದ ನಮ್ಮ ದೊಡ್ಡಪ್ಪನವರು ಒಂದೇ ಪ್ರಶ್ನೆ ಕೇಳಿದರು: "ಅದರೊಳಗಿನ ಉದ್ರಿ ಲೆಕ್ಕ ಎಲ್ಲಿದೆ?"

ಯಾರಲ್ಲಿಯೂ ಉತ್ತರವಿರಲಿಲ್ಲ. ಆ್ಯಪ್ ಹೇಗೆ ಹುಡುಗನ ಖಾತೆಯಲ್ಲಿತ್ತೋ, ಲೆಕ್ಕವೂ ಹಾಗೆಯೇ ಅವನು ಬಾಡಿಗೆಗೆ ಹಿಡಿದ ಸರ್ವರಿನಲ್ಲಿತ್ತು. ಮುನ್ನೂರು ಚಿಲ್ಲರೆ ವ್ಯಾಪಾರಿಗಳ ಹೆಸರು, ನಂಬರು, ಯಾರ ಮೇಲೆ ಎಷ್ಟು ಬಾಕಿ ಎಂಬ ವಿವರ, ಎಲ್ಲವೂ ನಮ್ಮ ಕೈಗೆ ಎಟುಕದ ಜಾಗದಲ್ಲಿ. ವ್ಯಾಪಾರಿಯ ಬಾಕಿ ಅವನ ಮರ್ಯಾದೆಯ ವಿಷಯ. ನಮ್ಮ ಹಿರಿಯರು ಒಬ್ಬ ಗಿರಾಕಿಯ ಎದುರಿಗೆ ಇನ್ನೊಬ್ಬನ ಖಾತೆಯ ಪುಟ ತೆರೆದವರಲ್ಲ. ಅಂಥ ಮನೆಯಲ್ಲಿ ಹುಟ್ಟಿದ ನಾವು ಮುನ್ನೂರು ಜನರ ಪುಟಗಳನ್ನು ಪರರ ಕಪಾಟಿನಲ್ಲಿಟ್ಟು ಎರಡು ವರ್ಷ ನಿಶ್ಚಿಂತೆಯಿಂದ ಮಲಗಿದ್ದೆವು. ಆ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಸಂಬಂಧಿಕರ ಮೂಲಕ ಹುಡುಗ ಸಿಕ್ಕಿದ್ದು ದೀಪಾವಳಿಯ ಹೊತ್ತಿಗೆ. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. "ನೀವು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ" ಎಂದ. ಲೆಕ್ಕವನ್ನೆಲ್ಲ ಎರಡೇ ದಿನದಲ್ಲಿ ಕಳುಹಿಸಿಕೊಟ್ಟ. ಬಾಕಿಯ ಮೊತ್ತಗಳು ನಮ್ಮ ಕಿರ್ದಿಯೊಂದಿಗೆ ತಾಳೆಯಾದಾಗ ದೊಡ್ಡಪ್ಪನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆದರೆ ಆ್ಯಪ್ ಬರೆದ ಮೂಲ ಸಂಕೇತ ಅವನ ಹಳೆಯ ಲ್ಯಾಪ್‌ಟಾಪಿನೊಂದಿಗೆ ಹಾಳಾಗಿತ್ತು. ಅಂಗಡಿಗೆ ಹೊಸ ಪ್ರತಿ ಏರಿಸುವಾಗ ಹಾಕುವ ಗುಪ್ತ ಮುದ್ರೆಯೂ, ಅಪ್‌ಲೋಡ್ ಕೀ ಎಂದು ಅದಕ್ಕೆ ಹೆಸರು, ಅದರ ಜೊತೆಗೇ ಹೋಗಿತ್ತು.

ಪುಣ್ಯಕ್ಕೆ ದಾರಿಗಳಿದ್ದವು. ಪ್ಲೇ ಅಂಗಡಿಯಲ್ಲಿ ಒಂದು ಖಾತೆಯ ಆ್ಯಪ್ ಅನ್ನು ಇನ್ನೊಂದು ಖಾತೆಗೆ ವರ್ಗಾಯಿಸಬಹುದು. ಇಳಿಸಿಕೊಂಡ ಬಳಕೆದಾರರು, ಬಂದ ಅಭಿಪ್ರಾಯಗಳು, ಅಂಕಗಳು ಎಲ್ಲವೂ ಜೊತೆಗೇ ಬರುತ್ತವೆ. ಮುಖ್ಯ ಮುದ್ರೆ ಗೂಗಲ್ ಬಳಿಯೇ ಇರುವ ಏರ್ಪಾಟಿನಲ್ಲಿ, ಅಪ್‌ಲೋಡ್ ಕೀ ಕಳೆದರೆ ಖಾತೆಯ ಒಡೆಯರು ಹೊಸದಕ್ಕೆ ಅರ್ಜಿ ಹಾಕಬಹುದು. ಆದ್ದರಿಂದ ಸಂಕೇತವನ್ನು ಹೊಸದಾಗಿ ಬರೆಸಿದರೂ ಹಳೆಯ ಆ್ಯಪ್‌ನ ಜಾಗದಲ್ಲೇ ಅದನ್ನು ಇಡುವುದು ಸಾಧ್ಯವಾಯಿತು. ಹುಡುಗ ಸಿಗದೇ ಹೋಗಿದ್ದರೆ ಬೇರೆ ಗುರುತಿನ ಹೊಸ ಆ್ಯಪ್ ಮಾಡಿಸಿ, ಮುನ್ನೂರು ಜನರನ್ನೂ ಮತ್ತೆ ಇಳಿಸಿಕೊಳ್ಳಿರೆಂದು ಬೇಡಬೇಕಾಗುತ್ತಿತ್ತು. ಪ್ರತಿ ಆ್ಯಪ್‌ಗೂ ಪ್ಯಾಕೇಜ್ ಹೆಸರೆಂಬ ಒಂದು ಗುರುತಿರುತ್ತದೆ. ಒಮ್ಮೆ ಇಟ್ಟದ್ದನ್ನು ಮುಂದೆ ಬದಲಿಸಲು ಬಾರದು.

ವರ್ಗಾವಣೆಗೆ ಮೊದಲು ನಮ್ಮದೇ ಖಾತೆ ಬೇಕಾಯಿತು. ಇಲ್ಲಿ ಎರಡು ಬಗೆ. ವ್ಯಕ್ತಿಯ ಹೆಸರಿನ ಖಾತೆ ಸುಲಭ. ಆದರೆ 2023ರ ನವೆಂಬರ್ 13ರ ನಂತರ ತೆರೆದ ಇಂಥ ಖಾತೆಯವರು ಹೊಸ ಆ್ಯಪ್ ಅನ್ನು ಎಲ್ಲರಿಗೂ ತೆರೆಯುವ ಮುನ್ನ ಕೆಲವು ಜನರಿಂದ ಎಡೆಬಿಡದೆ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಬಂತು. ಮೊದಲು 20 ಜನ ಬೇಕಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು 12ಕ್ಕೆ ಇಳಿಸಿದರು. ಸಂಸ್ಥೆಯ ಹೆಸರಿನ ಖಾತೆಗೆ ಈ ಪರೀಕ್ಷೆಯ ಕಟ್ಟಳೆ ಇಲ್ಲ. ಬದಲಿಗೆ ಡನ್ ಆ್ಯಂಡ್ ಬ್ರಾಡ್‌ಸ್ಟ್ರೀಟ್ ಸಂಸ್ಥೆ ಕೊಡುವ 9 ಅಂಕಿಗಳ ಡನ್ಸ್ ಸಂಖ್ಯೆ ಬೇಕು. ಉಚಿತವಾಗಿ ಸಿಗುತ್ತದೆ, ಆದರೆ ವಾರಗಟ್ಟಲೆ ಕಾಯಬೇಕಾಗಬಹುದು. ನಮ್ಮ ಪೇಢಿಯ ಹೆಸರು ಜಿಎಸ್‌ಟಿ ಪತ್ರದಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಒಂದು ರೀತಿ, ಲೈಟ್ ಬಿಲ್ಲಿನಲ್ಲಿ ಅಜ್ಜನವರ ಕಾಲದ ಇನ್ನೊಂದು ರೀತಿ. ಕಾಗದಗಳಲ್ಲೆಲ್ಲ ಹೆಸರು ಒಂದೇ ಆಗುವವರೆಗೆ ಕೆಲಸ ಮುಂದೆ ಸಾಗಲಿಲ್ಲ. ಇದು ಯಾರ ತಪ್ಪೂ ಅಲ್ಲ, ನಮ್ಮದೇ.

ಹೊಸ ಪ್ರತಿಯನ್ನು ತಪಾಸಣೆಗೆ ಕಳುಹಿಸಿದಾಗ ಮೊದಲ ಸಲ ಮರಳಿ ಬಂತು. ನಮ್ಮ ಆ್ಯಪ್ ತೆರೆಯಲು ಗಿರಾಕಿಯ ಮೊಬೈಲಿಗೆ ಒಟಿಪಿ ಬರಬೇಕು. ಎಲ್ಲೋ ಕುಳಿತು ತಪಾಸಣೆ ಮಾಡುವವರಿಗೆ ಆ ಒಟಿಪಿ ಹೇಗೆ ಸಿಕ್ಕೀತು? ಬೀಗ ಹಾಕಿದ ಗೋದಾಮನ್ನು ನೋಡಿ ಹೋಗಿ ಎಂದು ಅಧಿಕಾರಿಯನ್ನು ಕರೆದಂತಾಗಿತ್ತು ನಮ್ಮ ಕೆಲಸ. ಅವರಿಗಾಗಿ ಒಂದು ಮಾದರಿ ಗಿರಾಕಿಯ ಖಾತೆ, ಬದಲಾಗದ ಸಂಕೇತ ಕೊಟ್ಟ ಮೇಲೆ ಒಳಗೆ ಬಂದರು.

ಎರಡನೆಯ ಸಲವೂ ಮರಳಿತು. ಆ್ಯಪ್ ಗಿರಾಕಿಯ ಯಾವ ಮಾಹಿತಿ ಪಡೆಯುತ್ತದೆ, ಯಾರಿಗೆ ಕೊಡುತ್ತದೆ ಎಂದು 2022ರಿಂದ ಪ್ರತಿಯೊಬ್ಬರೂ ಘೋಷಿಸಬೇಕು. ಗೋಪ್ಯತಾ ನೀತಿಯನ್ನು ಬರೆದು ಎಲ್ಲರಿಗೂ ಕಾಣುವಂತೆ ಇಡಬೇಕು. ಖಾತೆ ತೆರೆಯಲು ಬಿಟ್ಟರೆ ಅಳಿಸಲೂ ಬಿಡಬೇಕು. ನಮ್ಮ ಹುಡುಗರು ಅವಸರದಲ್ಲಿ "ಏನೂ ಪಡೆಯುವುದಿಲ್ಲ" ಎಂದು ಗುರುತು ಹಾಕಿದ್ದರು. ನಿಜವೆಂದರೆ ಹೆಸರು, ನಂಬರುಗಳಷ್ಟೇ ಅಲ್ಲ, ಗಿರಾಕಿಯ ಫೋನಿನಲ್ಲಿರುವ ಎಲ್ಲ ಪರಿಚಯಸ್ಥರ ಪಟ್ಟಿಗೂ ಆ್ಯಪ್ ಅನುಮತಿ ಕೇಳುತ್ತಿತ್ತು. ಏಕೆಂದು ಯಾರಿಗೂ ಗೊತ್ತಿಲ್ಲ. ಹಳೆಯದರಲ್ಲಿತ್ತು, ಹೊಸದರಲ್ಲೂ ಉಳಿಯಿತು. ಚಾದರ ಮಾರುವವನಿಗೆ ಗಿರಾಕಿಯ ಬೀಗರ ನಂಬರು ಏತಕ್ಕೆ? ಅದನ್ನು ಕಿತ್ತು ಹಾಕಿ, ಪಡೆಯುವುದನ್ನು ಪಡೆಯುತ್ತೇವೆಂದು ಸತ್ಯವಾಗಿ ಬರೆದೆವು. 2025ರ ಮಹಾವೀರ ಜಯಂತಿಗೆ ಮುನ್ನ ಆ್ಯಪ್ ಮತ್ತೆ ಎಲ್ಲರಿಗೂ ಕಾಣುವಂತಾಯಿತು.

ಇದು ಅಂಗಡಿಯ ನಿಯಮ ಮಾತ್ರವಲ್ಲ, ದೇಶದ ಕಾನೂನೂ ಹೌದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲಿ ಅಂಗೀಕಾರವಾಯಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತಾಯಿತು. ಮಾಹಿತಿಯನ್ನು ಸುರಕ್ಷಿತವಾಗಿ ಇಡದವರಿಗೆ ₹250 ಕೋಟಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಕಮಿಷನ್ ಕುರಿತು ಬಂಧುಗಳು ಹೆದರುವುದುಂಟು. ಬಟ್ಟೆ, ಕಿರಾಣಿ, ಪಾತ್ರೆಗಳಂಥ ಕೈಗೆ ಸಿಗುವ ಮಾಲನ್ನು ಆ್ಯಪ್ ಮೂಲಕ ಮಾರಿದರೆ ಈ ಅಂಗಡಿಗಳು ಪಾಲು ಕೇಳುವುದಿಲ್ಲ. ಯುಪಿಐ ಮೂಲಕ ಹಣ ಪಡೆಯಬಹುದು. ಪಾಲಿನ ಪ್ರಶ್ನೆ ಬರುವುದು ಫೋನಿನೊಳಗೇ ಬಳಸುವ ಆಟ, ಪಾಠ, ಚಂದಾಗಳಂಥ ಡಿಜಿಟಲ್ ಮಾಲಿಗೆ. ಆ ವ್ಯಾಜ್ಯ ದೊಡ್ಡದು. ಪ್ಲೇ ಅಂಗಡಿಯ ಪಾವತಿ ನಿಯಮಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ ₹936.44 ಕೋಟಿ ದಂಡ ಹಾಕಿತು. 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ₹216.69 ಕೋಟಿಗೆ ಇಳಿಸಿತು.

ಇಷ್ಟೆಲ್ಲ ಅನುಭವಿಸಿದ ಮೇಲೆ, ಆ್ಯಪ್ ಮಾಡಿಸಲು ಹೊರಟಿರುವ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟು:

1. ಡೆವಲಪರ್ ಖಾತೆಯನ್ನು ಪೇಢಿಯ ಹೆಸರಿನಲ್ಲಿ, ಪೇಢಿಯದೇ ಇಮೇಲ್‌ನಿಂದ ನೀವೇ ತೆರೆಯಿರಿ. ಆ್ಯಪ್ ಮಾಡುವವರಿಗೆ ಅದರೊಳಗೆ ಕೆಲಸದ ಅನುಮತಿಯನ್ನಷ್ಟೇ ಕೊಡಿ. ಅವರು ಹೋದ ದಿನ ಅದನ್ನು ಹಿಂದಕ್ಕೆ ಪಡೆಯಬಹುದು.

2. ಮೂಲ ಸಂಕೇತ, ಅಪ್‌ಲೋಡ್ ಕೀ, ಸರ್ವರಿನ ಖಾತೆ, ಈ ಮೂರೂ ನಿಮ್ಮ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ. ಕರಾರನ್ನು ಬರೆದಿಟ್ಟುಕೊಳ್ಳಿರಿ.

3. ಸಂಸ್ಥೆಯ ಖಾತೆಯಾದರೆ ವಿಳಾಸ, ಫೋನ್ ನಂಬರು ಪ್ಲೇ ಅಂಗಡಿಯಲ್ಲಿ ಎಲ್ಲರಿಗೂ ಕಾಣುತ್ತವೆ. ಮನೆಯಿಂದಲೇ ಹಪ್ಪಳ, ಮಸಾಲೆಯ ಉದ್ಯೋಗ ನಡೆಸುವ ಸೋದರಿಯರು ಇದನ್ನು ಮೊದಲೇ ವಿಚಾರ ಮಾಡಬೇಕು.

4. ಗಿರಾಕಿಯಿಂದ ವ್ಯಾಪಾರಕ್ಕೆ ಬೇಕಾದಷ್ಟನ್ನೇ ಕೇಳಿರಿ.

5. ಆ್ಯಪ್ ಒಮ್ಮೆ ಕಟ್ಟಿಸಿ ಬಿಡುವ ಗೋಡೆಯಲ್ಲ, ವರ್ಷಕ್ಕೊಮ್ಮೆ ಸುಣ್ಣ ಬೇಡುವ ಗೋಡೆ. ಆ ಖರ್ಚನ್ನು ಮೊದಲೇ ಲೆಕ್ಕ ಹಿಡಿಯಿರಿ.

6. ಮುನ್ನೂರು ಗಿರಾಕಿಗಳಿರುವ ಅಂಗಡಿಗೆ ಆ್ಯಪ್ ಬೇಕಾದೀತು. ಮೂವತ್ತು ಗಿರಾಕಿಗಳಿದ್ದರೆ ಫೋನೇ ಸಾಕು. ನೆರೆಯವರು ಮಾಡಿಸಿದರೆಂದು ಮಾಡಿಸಬೇಡಿರಿ.

2025ರ ಆಗಸ್ಟಿನಲ್ಲಿ ಮತ್ತೆ ಗಡುವು ಬಂದಾಗ ನಮ್ಮ ಹುಡುಗರು ಒಂದೇ ದಿನದಲ್ಲಿ ಹೊಸ ಪ್ರತಿ ಏರಿಸಿದರು. ಆ ಪರದೇಶದ ಹುಡುಗನೇ ಫೋನಿನಲ್ಲಿ ದಾರಿ ಹೇಳಿದ. ಈಗಲೂ ಅವನು ಮನೆಯವನಂತೆಯೇ. ಆ ವರ್ಷದ ದೀಪಾವಳಿ ಪಾಡ್ಯದಂದು ದೊಡ್ಡಪ್ಪನವರು ಖತಾವಣಿಯ ಮೊದಲ ಪುಟದಲ್ಲಿ ಶ್ರೀಕಾರ ಬರೆದು, ಅದರ ಕೆಳಗೆ ಖಾತೆಯ ಇಮೇಲ್, ಅದನ್ನು ಮರಳಿ ಪಡೆಯುವ ಸಂಕೇತಗಳು, ಯಾವ ಕೀ ಎಲ್ಲಿದೆ ಎಂಬ ವಿವರವನ್ನು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆಸಿಕೊಂಡು ಬರೆದರು. ರಾತ್ರಿ ಆ ಖತಾವಣಿ ಎಂದಿನಂತೆ ಮನೆಯ ಕಪಾಟು ಸೇರಿತು.