ತವರು ಮೈದಾನ ಎರಡಿದ್ದರೆ ತಪ್ಪೇನು?

ರಾಜಸ್ಥಾನ್ ರಾಯಲ್ಸ್ 2023ರಲ್ಲಿ ಗುವಾಹಟಿಯಲ್ಲಿ 'ಹೋಮ್' ಪಂದ್ಯ ಆಡಿದಾಗ, ಜೈಪುರ ಎಲ್ಲಿ, ಅಸ್ಸಾಂ ಎಲ್ಲಿ ಅಂತ ನಕ್ಕವರಿದ್ದಾರೆ. ಆದ್ರೆ ಇದೇನೂ ಹೊಸ ಐಡಿಯಾ ಅಲ್ಲ. ದುಡ್ಡಿಗಾಗಿ ಊರು ಬಿಟ್ಟು ಆಡೋದು ತಪ್ಪೂ ಅಲ್ಲ. ಹೋದ ಊರಿನ ಜನರನ್ನ ಹೇಗೆ ನಡೆಸ್ಕೊಳ್ತೀರಿ ಅನ್ನೋದು ಮುಖ್ಯ.

ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ನೋಡಿ. ಗ್ರೀನ್ ಬೇ ಸಣ್ಣ ಊರು, ಗೇಟ್ ಕಲೆಕ್ಷನ್ ಸಾಲ್ತಿರಲಿಲ್ಲ. ಹಾಗಾಗಿ ಕ್ಲಬ್ 1933ರಿಂದ ಸುಮಾರು 190 ಕಿ.ಮೀ. ದೂರದ ಮಿಲ್ವಾಕಿಯಲ್ಲೂ ಹೋಮ್ ಪಂದ್ಯ ಆಡತೊಡಗಿತು. ಅದೇ ರಾಜ್ಯದ ದೊಡ್ಡ ನಗರ ಅದು. 1994ರ ನಂತರ ಎಲ್ಲ ಪಂದ್ಯಗಳೂ ಗ್ರೀನ್ ಬೇಗೇ ವಾಪಸ್ ಬಂದವು. ಆದರೆ ಕಷ್ಟಕಾಲದಲ್ಲಿ ಕೈಹಿಡಿದ ಮಿಲ್ವಾಕಿಯವರನ್ನು ಕ್ಲಬ್ ಕೈಬಿಡಲಿಲ್ಲ. ಅಲ್ಲಿನ ಸೀಸನ್ ಟಿಕೆಟ್‌ದಾರರಿಗೆ ಪ್ರತಿ ವರ್ಷ ಗ್ರೀನ್ ಬೇಯ ಕೆಲವು ಪಂದ್ಯಗಳನ್ನು 'ಗೋಲ್ಡ್ ಪ್ಯಾಕೇಜ್' ಹೆಸರಲ್ಲಿ ಮೀಸಲಿಟ್ಟಿತು. ಆ ವ್ಯವಸ್ಥೆ ಈಗಲೂ ಇದೆ.

ಬಫಲೋ ಬಿಲ್ಸ್ ಕಥೆ ಉಲ್ಟಾ. 2008ರಿಂದ 2013ರವರೆಗೆ ವರ್ಷಕ್ಕೊಂದು ಲೀಗ್ ಪಂದ್ಯವನ್ನು ಗಡಿಯಾಚೆ ಕೆನಡಾದ ಟೊರೊಂಟೊದಲ್ಲಿ ಆಡಿತು. ದುಬಾರಿ ಟಿಕೆಟ್, ಎದುರಾಳಿಗೂ ಚಪ್ಪಾಳೆ. ಆರರಲ್ಲಿ ಗೆದ್ದದ್ದು ಒಂದೇ! ಬಫಲೋದವರು ಒಂದು ಹೋಮ್ ಪಂದ್ಯ ಕಳ್ಕೊಂಡರು, ಟೊರೊಂಟೊದವರಿಗೆ ತಂಡ ತಮ್ಮದು ಅನ್ನಿಸಲೇ ಇಲ್ಲ. 2014ರಲ್ಲಿ ಒಪ್ಪಂದ ಮುಗೀತು.

ಹಾಗಾಗಿ ಬೇರೆ ಊರಿಗೆ ಹೋಗೋ ಕ್ಲಬ್ ಎರಡು ವಿಷಯ ಮೊದಲೇ ಹೇಳಲಿ: ಅಲ್ಲಿ ಎಷ್ಟು ವರ್ಷ ಆಡ್ತೀರಿ, ತವರಿನ ಟಿಕೆಟ್‌ದಾರರಿಗೆ ತಪ್ಪಿದ ಪಂದ್ಯಕ್ಕೆ ಏನು ಕೊಡ್ತೀರಿ? ಉತ್ತರ ಇಲ್ಲ ಅಂದ್ರೆ ಅದು ಹೋಮ್ ಪಂದ್ಯ ಅಲ್ಲ, ಬರೀ ಪ್ರದರ್ಶನ ಪಂದ್ಯ.